ಜಗ್ಗದ ನಟ್ಟು: ಒಂದು ಯಂತ್ರಪಾಠ

ವ್ಯಾಕರಣ ಬೋಧಿಸುವವನು ಯಂತ್ರದ ವಿಷಯದಲ್ಲಿ ಲೇಖನಿ ಹಿಡಿಯುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಮೈಸೂರಿನಲ್ಲಿ ಬಾಳುವವನು ಮೋಟಾರು ಸೈಕಲ್ಲಿನ ವಿಷಯದಲ್ಲಿ ಕೇವಲ ಅಜ್ಞನಾಗಿ ಉಳಿಯುವುದು ಸುಲಭವಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಶ್ರೀ ಜಯಚಾಮರಾಜ ಒಡೆಯರ್ ಅವರು ಉದ್ಘಾಟಿಸಿದರು. ಝೆಕೊಸ್ಲೊವಾಕಿಯಾ ದೇಶದ ಜಾವಾ ವಾಹನವು ಅಲ್ಲಿ ಮೈಸೂರಿನ ಕೈಗಳಿಂದ ರೂಪುಗೊಂಡಿತು. 1973ರಿಂದ ಯೆಜ್ಡಿ ಎಂಬ ಹೆಸರನ್ನು ಧರಿಸಿತು. 1996ರಲ್ಲಿ ಕಾರ್ಖಾನೆಯ ಉತ್ಪಾದನೆ ನಿಂತಿತಾದರೂ ಅದರ ವಾಹನಗಳು ನಮ್ಮ ಬೀದಿಗಳಲ್ಲಿ ಇಂದಿಗೂ ಸದ್ದು ಮಾಡುತ್ತಿವೆ. ಅಂತಹ ಒಂದು ಹಳೆಯ ವಾಹನದ ಒಡೆಯನಾಗಿ ನಾನು ಕಲಿತ ಒಂದು ಪಾಠವನ್ನು ಓದುಗರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶ.

ಎಂಜಿನ್ನಿನ ಶಕ್ತಿಯು ಗೇರುಪೆಟ್ಟಿಗೆಯಿಂದ ಹೊರಬಂದು ಹಿಂದಿನ ಗಾಲಿಯನ್ನು ಸೇರುವುದು ಚೈನಿನ ಮೂಲಕ. ಆ ಚೈನನ್ನು ಎಳೆಯುವ ಚಿಕ್ಕ ಹಲ್ಲುಚಕ್ರವೇ ಮುಂದಿನ ಸ್ಪ್ರಾಕೆಟ್ಟು. ಅದನ್ನು ಗೇರುಪೆಟ್ಟಿಗೆಯ ದಂಡಕ್ಕೆ ಬಿಗಿದಿಡುವುದು ಒಂದು ದೊಡ್ಡ ನಟ್ಟು. ಹಲ್ಲುಗಳು ಸವೆದಾಗ ಚಕ್ರವನ್ನು ಬದಲಿಸಬೇಕು. ಬದಲಿಸಬೇಕಾದರೆ ಈ ನಟ್ಟು ಬಿಚ್ಚಬೇಕು. ವರ್ಷಾನುಗಟ್ಟಲೆ ಮಳೆ, ಧೂಳು, ಎಣ್ಣೆಗಸಿಗಳ ನಡುವೆ ಕುಳಿತ ಈ ನಟ್ಟು ಸುಲಭವಾಗಿ ಜಗ್ಗುವುದಿಲ್ಲ.

ನಾನೂ ಮೊದಲು ಬಲವನ್ನೇ ನಂಬಿದೆ. ಒಂದು ಭಾನುವಾರದ ಬೆಳಗೆಲ್ಲ ಸ್ಪ್ಯಾನರನ್ನು ಒತ್ತಿದೆ, ಒದ್ದೆ, ಕೊನೆಗೆ ಸುತ್ತಿಗೆಯಿಂದ ಬಡಿದೆ. ನಟ್ಟಿನ ಎರಡು ಮೂಲೆಗಳು ಸವೆದವು, ನಟ್ಟು ಕದಲಲಿಲ್ಲ. ಆಗ ಬಂದವನು ನಮ್ಮ ಶಾಲೆಯ ಹಿಂದಿನ ವಿದ್ಯಾರ್ಥಿ, ಹಳಗನ್ನಡದಲ್ಲಿ ನನ್ನಿಂದ ಬಹಳ ಅಂಕಗಳನ್ನು ಕಳೆದುಕೊಂಡವನು, ಈಗ ವಾಹನ ದುರಸ್ತಿಯಲ್ಲಿ ಪಳಗಿದವನು. ಬಾಗಿ ನೋಡಿ, "ಮೇಷ್ಟ್ರೇ, ಬೀಗ ತೆಗೆಯದೆ ಬಾಗಿಲು ತಳ್ಳುತ್ತಿದ್ದೀರಲ್ಲ" ಎಂದ. ನಟ್ಟಿನ ಕೆಳಗಿದ್ದ ತಡೆವಾಷರಿನ ನಾಲಗೆ ನಟ್ಟಿನ ಒಂದು ಮುಖಕ್ಕೆ ಮಡಿಸಿಕೊಂಡಿತ್ತು. ಕಪ್ಪು ಗಸಿ ಅದನ್ನು ಮುಚ್ಚಿದ್ದರಿಂದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಒರೆಸಿ ನೋಡುವ ತಾಳ್ಮೆ ನನಗಿರಲಿಲ್ಲ ಎಂಬುದೇ ನಿಜ.

ಸಂಧಿ ಕೂಡಿದ ಪದವನ್ನು ಬಿಡಿಸುವ ಮೊದಲು ಅದು ಲೋಪವೋ ಆಗಮವೋ ಆದೇಶವೋ ಎಂದು ನಿಶ್ಚಯಿಸಬೇಕೆಂದು ಮಕ್ಕಳಿಗೆ ನಿತ್ಯ ಹೇಳುವವನು ನಾನು. ನಟ್ಟಿನ ವಿಷಯದಲ್ಲಿ ಆ ನಿಯಮವನ್ನೇ ಮರೆತಿದ್ದೆ. ಜಗ್ಗದಿರುವುದಕ್ಕೆ ಕಾರಣಗಳು ನಾಲ್ಕು: ಬೀಗ, ದಿಕ್ಕು, ಆಸರೆ, ತುಕ್ಕು. ಇವುಗಳನ್ನು ಇದೇ ಕ್ರಮದಲ್ಲಿ ಪರೀಕ್ಷಿಸಬೇಕು.

ಮೊದಲನೆಯದು ಬೀಗ. ಸೀಮೆಎಣ್ಣೆ, ಕುಂಚಗಳಿಂದ ಜಾಗವನ್ನು ತೊಳೆದು ತಡೆವಾಷರಿದೆಯೇ ನೋಡಬೇಕು. ಇದ್ದರೆ ಮಡಿಸಿದ ಅಂಚನ್ನು ಉಳಿಯಿಂದ ಮೆಲ್ಲನೆ ಎಬ್ಬಿಸಿ ಪೂರ್ತಿ ಚಪ್ಪಟೆ ಮಾಡಬೇಕು.

ಎರಡನೆಯದು ದಿಕ್ಕು. ಎಲ್ಲ ನಟ್ಟುಗಳೂ ಒಂದೇ ಕಡೆಗೆ ಬಿಚ್ಚುವುದಿಲ್ಲ. ಕೆಲವು ಎಂಜಿನ್ನುಗಳಲ್ಲಿ ಎಡತಿರುಪು ಇರುತ್ತದೆ. ಅಲ್ಲಿ ಬಿಚ್ಚುತ್ತಿದ್ದೇವೆಂದು ಭಾವಿಸಿ ಬಿಗಿಯುವ ಅಪಾಯವುಂಟು. ವಾಹನದ ಕೈಪಿಡಿಯನ್ನು ನೋಡುವುದು ಉತ್ತಮ. ಅದಿಲ್ಲದಿದ್ದರೆ ನಟ್ಟಿನಿಂದಾಚೆ ಕಾಣುವ ದಂಡದ ಎಳೆಗಳನ್ನು ಗಮನಿಸಬೇಕು. ದಂಡವನ್ನು ನೆಟ್ಟಗೆ ನಿಲ್ಲಿಸಿದಂತೆ ಭಾವಿಸಿದಾಗ ಎಳೆಗಳು ಬಲಕ್ಕೆ ಏರಿದ್ದರೆ ಬಲತಿರುಪು, ಎಡಕ್ಕೆ ಏರಿದ್ದರೆ ಎಡತಿರುಪು. ಬಲತಿರುಪು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಬಿಚ್ಚುತ್ತದೆ. ಎಡತಿರುಪು ಮುಳ್ಳಿನ ದಿಕ್ಕಿನಲ್ಲೇ.

ಮೂರನೆಯದು ಆಸರೆ. ನಟ್ಟಿನೊಡನೆ ಚಕ್ರವೂ ತಿರುಗಿದರೆ ಶ್ರಮವೆಲ್ಲ ವ್ಯರ್ಥ. ಆದ್ದರಿಂದ ನಟ್ಟು ಸಡಿಲವಾಗುವವರೆಗೆ ಚೈನನ್ನು ಕಳಚಬಾರದು. ಗಾಲಿ ನೆಲದ ಮೇಲಿರಲಿ. ಇನ್ನೊಬ್ಬರು ಹಿಂದಿನ ಬ್ರೇಕನ್ನು ಬಲವಾಗಿ ತುಳಿದಿರಲಿ. ಗೇರನ್ನು ತಟಸ್ಥದಲ್ಲಿಟ್ಟರೆ ಹೊರೆಯು ಚೈನಿನ ಮೇಲೆ ಬಿದ್ದು ಗೇರುಹಲ್ಲುಗಳು ಪಾರಾಗುತ್ತವೆ. ಚಕ್ರದ ಹಲ್ಲಿಗೂ ಎಂಜಿನ್ನಿನ ಅಲ್ಯುಮಿನಿಯಂ ಕವಚಕ್ಕೂ ನಡುವೆ ಕಬ್ಬಿಣದ ಸಲಾಕಿ ಸಿಕ್ಕಿಸುವ ದುರಭ್ಯಾಸ ಕೆಲವರಲ್ಲಿದೆ. ನಟ್ಟು ಬಿಚ್ಚುವ ಮೊದಲು ಕವಚ ಸೀಳಬಹುದು.

ನಾಲ್ಕನೆಯದು ತುಕ್ಕು. ಕಬ್ಬಿಣ ತುಕ್ಕಾದಾಗ ಹಿಗ್ಗುತ್ತದೆ. ಆ ಹಿಗ್ಗು ಎಳೆಗಳ ನಡುವಣ ಸಂದನ್ನು ತುಂಬುತ್ತದೆ. ಒಳಸೇರುವ ಎಣ್ಣೆಯನ್ನು ಸಂಜೆ ಹಾಕಿ ಬೆಳಗಿನವರೆಗೆ ಬಿಡಬೇಕು. ಅದಕ್ಕೂ ಮಣಿಯದಿದ್ದರೆ ಶಾಖ. ಉಕ್ಕಿನ ನಟ್ಟಿನ ಒಳವ್ಯಾಸ 20 ಮಿಲಿಮೀಟರು ಇದ್ದು ಅದರ ಉಷ್ಣತೆ 150 ಡಿಗ್ರಿ ಸೆಲ್ಸಿಯಸ್ ಏರಿದರೆ ರಂಧ್ರವು ಸುಮಾರು 0.036 ಮಿಲಿಮೀಟರು ಹಿಗ್ಗುತ್ತದೆ. ಅತ್ಯಲ್ಪವೆಂದು ತೋರುವ ಈ ಹಿಗ್ಗೇ ತುಕ್ಕಿನ ಹಿಡಿತವನ್ನು ಬಿರಿಸಲು ಸಾಕಾಗಬಹುದು. ಆದರೆ ಮೇಲೆ ಪೆಟ್ರೋಲು ಟ್ಯಾಂಕಿದೆ, ಚಕ್ರದ ಹಿಂದೆ ರಬ್ಬರಿನ ಎಣ್ಣೆತಡೆಯಿದೆ ಎಂಬುದನ್ನು ಮರೆಯಲಾಗದು. ಟ್ಯಾಂಕನ್ನು ಇಳಿಸಿ ದೂರವಿಟ್ಟು, ಜ್ವಾಲೆಯ ಬದಲು ಬಿಸಿಗಾಳಿಯ ಯಂತ್ರವನ್ನು ನಟ್ಟಿಗೆ ಮಾತ್ರ ಹಿಡಿಯುವುದು ಲೇಸು.

ಈ ನಾಲ್ಕೂ ಮುಗಿದ ಮೇಲೆಯೇ ಬಲಕ್ಕೆ ಸರದಿ. ಅಳತೆಗೆ ಸರಿಯಾದ ಆರು ಮೂಲೆಯ ಸಾಕೆಟ್ಟು ಬೇಕು. ತಿರುಚುಬಲವೆಂದರೆ ಒತ್ತಡ ಮತ್ತು ಹಿಡಿಯ ಉದ್ದಗಳ ಗುಣಲಬ್ಧ. 25 ಸೆಂಟಿಮೀಟರಿನ ಹಿಡಿಯ ತುದಿಯಲ್ಲಿ 20 ಕಿಲೋಗ್ರಾಂ ಭಾರ ಹೇರಿದರೆ 5 ಕಿಲೋಗ್ರಾಂ-ಮೀಟರು. ಹಿಡಿಗೆ ಕೊಳವೆ ತೊಡಿಸಿ 75 ಸೆಂಟಿಮೀಟರು ಮಾಡಿದರೆ ಅದೇ ಭಾರಕ್ಕೆ 15. ಬಡಿತಕ್ಕಿಂತ ಉದ್ದನೆಯ ಹಿಡಿಯ ನಿಧಾನವಾದ ಒತ್ತಡ ಬೇರಿಂಗುಗಳಿಗೆ ಕ್ಷೇಮ. ಏನೂ ಫಲಿಸದಿದ್ದರೆ ದಂಡದ ಎಳೆಗೆ ತಗುಲದಂತೆ ನಟ್ಟನ್ನೇ ಸೀಳಬೇಕು. ನಟ್ಟು ಅಗ್ಗ, ದಂಡ ದುಬಾರಿ. ಮರುಜೋಡಣೆಗೆ ಹೊಸ ತಡೆವಾಷರು ಕಡ್ಡಾಯ. ಹಳೆಯ ನಾಲಗೆ ಮತ್ತೊಮ್ಮೆ ಮಡಿಸಿದರೆ ಮುರಿಯುವ ಸಂಭವ ಹೆಚ್ಚು.

ಆ ದಿನ ನನ್ನ ಶಿಷ್ಯ ನಾಲಗೆಯನ್ನು ಬಿಡಿಸಿ, ಎಣ್ಣೆ ಬಿಟ್ಟು, "ನಾಳೆ ಬರುತ್ತೇನೆ" ಎಂದು ಹೊರಟ. ಮರುದಿನ ನಾನು ಬ್ರೇಕು ತುಳಿದೆ. ಅವನು ಕೊಳವೆಯ ತುದಿಯನ್ನು ಒತ್ತಿದ. 'ಟಕ್' ಎಂಬ ಒಂದೇ ಸದ್ದು, ನಟ್ಟು ಸಡಿಲಿತು. ಕೂಲಿ ಕೊಡಹೋದೆ, ಮುಟ್ಟಲಿಲ್ಲ. ಎಡತಿರುಪು, ಬಲತಿರುಪು ಎಂಬ ಅಚ್ಚಗನ್ನಡ ಮಾತುಗಳು ಪರಿಭಾಷಾಕೋಶ ಬಗಲಲ್ಲಿಟ್ಟುಕೊಂಡ ನನಗೆ ದೊರೆತುದು ಅವನ ಬಾಯಿಂದಲೇ. ಪರೀಕ್ಷೆಯ ಅಂಕಗಳು ಅಳೆಯದ ಒಂದು ವಿವೇಕ ಅವನಲ್ಲಿ ಮೊದಲಿನಿಂದಲೂ ಇದ್ದಿತೇನೋ, ನಾನು ಕಾಣಲಿಲ್ಲ.

ಯಾದವಗಿರಿಯಲ್ಲಿ ದುಡಿದವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆ. ಅವರ ಕೈಯರಿವು ಪುಸ್ತಕಗಳಲ್ಲಿಲ್ಲ. ಆದುದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ: ಕೈಕೆಲಸ ಬಲ್ಲವರು ವರ್ಷಕ್ಕೊಂದು ಶನಿವಾರವಾದರೂ ಶಾಲೆಗೆ ಬಂದು ಮಕ್ಕಳಿಗೆ ಒಂದು ಯಂತ್ರವನ್ನು ಬಿಚ್ಚಿ ತೋರಿಸಲಿ. ಮುಂದಿನ ಸಾಲಿನಲ್ಲಿ ನಾನೂ ಕುಳಿತಿರುತ್ತೇನೆ.