ಬಿಸಿಯೇರುವ ಕಡಲು: ಅಂಟಾರ್ಕ್ಟಿಕದ ಐಸ್‌ಫಿಶ್

1. ಮೀನು ಶೀತರಕ್ತ ಪ್ರಾಣಿ. ನೀರಿನ ಉಷ್ಣತೆ ಏರಿದರೆ ದೇಹದ್ದೂ ಏರುತ್ತದೆ.

2. ಪರಿಣಾಮ ಎರಡು ಬಗೆ (ಮುಖ್ಯ):
- ನೀರಿನಲ್ಲಿ ಕರಗಿದ ಆಮ್ಲಜನಕ ಇಳಿಕೆ
- ಚಯಾಪಚಯ ಚುರುಕಾಗಿ ಆಮ್ಲಜನಕದ ಬೇಡಿಕೆ ಏರಿಕೆ. ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸಾಮಾನ್ಯವಾಗಿ 2–3 ಪಟ್ಟು

3. ಐಸ್‌ಫಿಶ್: ವಯಸ್ಕ ಹಂತದಲ್ಲೂ ಹಿಮೋಗ್ಲೋಬಿನ್ ಇಲ್ಲದ ಏಕೈಕ ಕಶೇರುಕ ಕುಟುಂಬ.
- ರಕ್ತ: ಬಣ್ಣರಹಿತ
- ಆಮ್ಲಜನಕ ಸಾಗಣೆ: ಪ್ಲಾಸ್ಮಾದಲ್ಲಿ ಕರಗಿ
- ಹೊಂದಾಣಿಕೆ: ದೊಡ್ಡ ಹೃದಯ, ಹೆಚ್ಚು ರಕ್ತ
- ಕೆಂಪು ರಕ್ತದ ನೆರೆಯ ಮೀನುಗಳಿಗಿಂತ ಬಿಸಿ ತಾಳುವ ಶಕ್ತಿ ಕಡಿಮೆ

4. ಗೊಂದಲ ಬೇಡ: ಸುಮಾರು –1.9 ಡಿಗ್ರಿ ಸೆಲ್ಸಿಯಸ್ ನೀರಿನಲ್ಲೂ ಐಸ್‌ಫಿಶ್ ರಕ್ತ ಮಂಜುಗಡ್ಡೆಯಾಗದಿರಲು ಕಾರಣ ಹಿಮರೋಧಕ ಗ್ಲೈಕೋಪ್ರೋಟೀನ್, ಹಿಮೋಗ್ಲೋಬಿನ್ ಕೊರತೆಯಲ್ಲ. ಪರೀಕ್ಷೆಯಲ್ಲಿ ತಪ್ಪು ಆಯ್ಕೆಯಾಗಿ ಕೊಡಲು ಹೇಳಿ ಮಾಡಿಸಿದ ಅಂಶ ಈ ಕೊರತೆ.

5. 'ಹೇಳಿಕೆ–ಕಾರಣ' ಪ್ರಶ್ನೆಗೆ 2ನೇ ಅಂಶ ಬಾಯಿಪಾಠವಿರಲಿ.