ಹೆಜ್ಜಾರ್ಲೆಯ ಊರಲ್ಲಿ ಒಂದು ಸಂಜೆ ಸುತ್ತು

ಹಕ್ಕಿ ನೋಡಲು ದೋಣಿ ಹತ್ತಬೇಕು, ಬೇಲಿಯಾಚೆ ನಿಲ್ಲಬೇಕು ಅಂದುಕೊಂಡವರಿಗೆ ಕೊಕ್ಕರೆಬೆಳ್ಳೂರು ವಿಚಿತ್ರವೆನಿಸುತ್ತದೆ. ಮದ್ದೂರು ತಾಲ್ಲೂಕಿನ ಈ ಊರಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಮೇಲೆ ಮರಿಗಳ ಗಲಾಟೆ, ಕೆಳಗೆ ಕಟ್ಟಿಹಾಕಿದ ಎಮ್ಮೆ. ಮಗುವಿನ ಕೈಗೆ ಮೊದಲ ಸಲ ಕ್ಯಾಮೆರಾ ಕೊಡಲು ಇದಕ್ಕಿಂತ ಸಲೀಸಾದ ಜಾಗ ಕಡಿಮೆ.

ಹೋಗುವುದಾದರೆ ಜನವರಿಯಿಂದ ಮಾರ್ಚ್‌ ಒಳಗೆ ಹೋಗಿ. ಆಗ ಗೂಡುಗಳಲ್ಲಿ ಮರಿಗಳಿರುತ್ತವೆ, ದೊಡ್ಡವು ಮೀನಿಗಾಗಿ ಓಡಾಡುತ್ತಿರುತ್ತವೆ. ಮಳೆಗಾಲದಲ್ಲಿ ಹೋದರೆ ಬರಿ ಮರ ನೋಡಿಕೊಂಡು ಬರಬೇಕಾದೀತು. ಬೆಂಗಳೂರಿನಿಂದ ಸುಮಾರು 80 ಕಿ.ಮೀ. ಚನ್ನಪಟ್ಟಣ ದಾಟಿ, ಮದ್ದೂರಿಗೆ ಮೊದಲೇ ರುದ್ರಾಕ್ಷಿಪುರದಲ್ಲಿ ಎಡಕ್ಕೆ ತಿರುಗಿ ಹತ್ತು ಹನ್ನೆರಡು ಕಿ.ಮೀ. ಒಳಗೆ ಹೋಗಬೇಕು. ಹೊಸ ಎಕ್ಸ್‌ಪ್ರೆಸ್‌ವೇ ಮೇಲೇ ಇದ್ದುಬಿಟ್ಟರೆ ತಿರುವು ತಪ್ಪುತ್ತದೆ. ಮುಂಚೆಯೇ ಹಳೇ ರಸ್ತೆಗೆ ಇಳಿದುಬಿಡಿ. ರೈಲಿನವರು ಮದ್ದೂರಿನಲ್ಲಿ ಇಳಿದು ಆಟೋ ಮಾತಾಡಿಕೊಳ್ಳಬಹುದು.

ನಾಲ್ಕೂವರೆಗೆ ಊರಲ್ಲಿದ್ದರೆ ಸರಿಹೋಗುತ್ತದೆ. ಮಗುವಿಗೆ ಟೋಪಿ ಕಡ್ಡಾಯ. ಬಿಸಿಲಿಗಲ್ಲ, ಹಿಕ್ಕೆಗೆ. ಅದು ಮೇಲಿಂದ ಯಾವಾಗ ಬೀಳುತ್ತದೋ ಹೇಳಲಾಗದು, ಹೊಸ ಬಟ್ಟೆ ಬೇಡವೇ ಬೇಡ. ಊರವರಿಗೆ ಆ ಹಿಕ್ಕೆಯೇ ಹೊಲಕ್ಕೆ ಗೊಬ್ಬರ.

ದೊಡ್ಡ ಲೆನ್ಸ್ ಹೊತ್ತು ಹೋಗುವ ಚಟ ಇಲ್ಲಿ ಬಿಡಬಹುದು. ಮರಗಳು ಅಷ್ಟು ಹತ್ತಿರ. 200 ಎಂಎಂ ಧಾರಾಳವಾಯಿತು, ಫೋನೂ ನಡೆಯುತ್ತದೆ. ನನ್ನ ಮಟ್ಟಿಗೆ, ಬರೀ ಕೊಕ್ಕು ತುಂಬಿಸಿದ ಚಿತ್ರ ಎಲ್ಲಿ ಬೇಕಾದರೂ ಸಿಗುತ್ತದೆ. ಹೆಂಚಿನ ಮಾಡು, ಒಣಹಾಕಿದ ಸೀರೆ, ಮೇಲೊಂದು ಗೂಡು, ಮೂರೂ ಒಂದೇ ಚೌಕಟ್ಟಿಗೆ ಬರುವುದು ಇಲ್ಲಿ ಮಾತ್ರ. ಮಗು ತನ್ನ ಎತ್ತರದಿಂದ ತೆಗೆಯಲಿ, ನೀವು ಎತ್ತಿಕೊಳ್ಳಬೇಡಿ. ಆ ಕೋನಕ್ಕೆ ಎಮ್ಮೆಯ ಕೊಂಬೂ ಮರದ ತುದಿಯೂ ಒಟ್ಟಿಗೆ ಸಿಗುತ್ತವೆ.

ಸೂರ್ಯ ಬೆನ್ನ ಹಿಂದಿರುವಂತೆ, ಅಂದರೆ ಮರದ ಪಶ್ಚಿಮಕ್ಕೆ ನಿಂತುಕೊಳ್ಳಿ. ಬಣ್ಣದ ಕೊಕ್ಕರೆಯ ಬಾಲದ ಬಳಿಯ ಗುಲಾಬಿ ಗರಿ ಆ ಇಳಿಬಿಸಿಲಲ್ಲೇ ಚೆನ್ನಾಗಿ ಕಾಣುವುದು. ಕೆರೆಗಳ ಕಡೆಯಿಂದ ಮರಳುವ ಹೆಜ್ಜಾರ್ಲೆಯನ್ನು ಹಿಡಿಯಲು ಶಟರ್ ವೇಗ 1/1000 ಇಡಿ. ಹಿನ್ನೆಲೆ ಬರೀ ಬಾನಾದರೆ ಎಕ್ಸ್‌ಪೋಶರ್ ಒಂದು ಹಂತ ಏರಿಸಿ, ಇಲ್ಲವಾದರೆ ಹಕ್ಕಿ ಕಪ್ಪಾಗುತ್ತದೆ. ಫೋನಾದರೆ ಸಾಲುಸಾಲಾಗಿ ತೆಗೆಯುವುದು ಮಕ್ಕಳಿಗೆ ಸುಲಭ. ಫ್ಲ್ಯಾಶ್ ಆಫ್ ಮಾಡಿಯೇ ಮಗುವಿನ ಕೈಗೆ ಕೊಡಿ. ಮರಿ ದೊಡ್ಡ ಹೆಜ್ಜಾರ್ಲೆಯ ಗಂಟಲಚೀಲದೊಳಗೆ ತಲೆಯನ್ನೇ ತೂರಿಸಿ ಮೀನು ತಿನ್ನುವುದನ್ನು ಕಂಡರೆ ಮಗು ಕ್ಯಾಮೆರಾ ಮರೆತೇ ಬಿಡಬಹುದು. ಮರೆಯಲಿ ಬಿಡಿ.

ಹಿತ್ತಲಿಗೆ ಕಾಲಿಡುವ ಮೊದಲು, ಜನರ ಚಿತ್ರ ತೆಗೆಯುವ ಮೊದಲು ಕೇಳಿ. "ಅಜ್ಜಿ, ಒಂದು ಫೋಟೋ ತೆಗೀಲಾ?" ಅಂತ ಮಗುವೇ ಕೇಳಿದರೆ ಬೇಡವೆನ್ನುವವರು ಅಪರೂಪ. ಕಥೆಯೂ ಸಿಕ್ಕೀತು: ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಊರವರು ಈ ಹಕ್ಕಿಗಳನ್ನು ಕಾಣುತ್ತಾರೆ, ಹಿಂದೆ ಪ್ಲೇಗು ಬಂದು ಊರು ಜಾಗ ಬದಲಿಸಿದಾಗ ಅವೂ ಹಿಂದೆಯೇ ಬಂದವು ಎನ್ನುತ್ತಾರೆ. ಊರನ್ನು 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಗೂಡಿರುವ ಮರದ ಹುಣಸೆಹಣ್ಣಿನ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡೂ ಇದೆ. ಕೆಳಗೆ ಬಿದ್ದ ಮರಿ ಕಂಡರೆ ಮುಟ್ಟದೆ ಊರವರಿಗೆ ತಿಳಿಸಿ.

ಕತ್ತಲಾಗುವ ಮುಂಚೆ ಹೊರಡುವುದು ಒಳ್ಳೆಯದು. ಹಿಂಬದಿ ದೀಪವಿಲ್ಲದ ಕಬ್ಬಿನ ಗಾಡಿಗಳು ಸಿಗುವ ಕಿರುದಾರಿ ಅದು, ನಿಧಾನವಾಗಿ ಓಡಿಸಿ. ಹಸಿವಾದ ಮಗುವಿಗೆ ಮದ್ದೂರಿನಲ್ಲಿ ವಡೆ ಇದ್ದೇ ಇದೆ.