ತೆರಿಗೆ ಇಲ್ಲವೆಂದು ದುಬೈಗೆ ಹೊರಡಬೇಕೇ?

ಪ್ರಶ್ನೆ: ನಾನು ಪುತ್ತೂರಿನ ಅನುದಾನಿತ ಪ್ರೌಢಶಾಲೆಯಲ್ಲಿ ಶಿಕ್ಷಕಿ. ಯಜಮಾನರಿಗೆ ಮಂಗಳೂರಿನಲ್ಲಿ ಕೆಲಸ, ತಿಂಗಳಿಗೆ 1 ಲಕ್ಷ ಸಂಬಳ. ಈಗ ದುಬೈಯಲ್ಲಿ 12,000 ದಿರ್ಹಂ ಸಂಬಳದ ಕೆಲಸ ಸಿಕ್ಕಿದೆ. “ಇಲ್ಲಿ ದುಡಿದದ್ದು ತೆರಿಗೆಗೇ ಸರಿಹೋಗುತ್ತದೆ, ಅಲ್ಲಿ ಒಂದು ಪೈಸೆ ಕಟ್ಟಬೇಕಿಲ್ಲ. ನೀನೂ ಕೆಲಸ ಬಿಡು, ಮಕ್ಕಳೊಂದಿಗೆ ಹೋಗಿಬಿಡೋಣ” ಎನ್ನುತ್ತಾರೆ. ಅತ್ತೆ ಊರಲ್ಲಿ ಒಬ್ಬರೇ ಆಗುತ್ತಾರೆ. ನನಗೆ ದಿಕ್ಕು ತೋಚುತ್ತಿಲ್ಲ.

ಉತ್ತರ: ಅಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ ಎಂಬುದು ನಿಜ. ಆದರೆ ಬೇರೆ ಆದಾಯವಿಲ್ಲದಿದ್ದರೆ ನಿಮ್ಮವರು ಇಲ್ಲಿಯೂ ಕಟ್ಟಬೇಕಾಗಿಲ್ಲ. 2025-26ರಿಂದ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12.75 ಲಕ್ಷದವರೆಗಿನ ಸಂಬಳಕ್ಕೆ ಆದಾಯ ತೆರಿಗೆ ಬೀಳುವುದಿಲ್ಲ. ಅವರದು 12 ಲಕ್ಷ. ಈಗಲೂ ಕಡಿತವಾಗುತ್ತಿದ್ದರೆ ಬಹುಶಃ ಹಳೆಯ ಪದ್ಧತಿಯಲ್ಲೇ ಉಳಿದಿದ್ದಾರೆ. ಸಂಬಳದ ಚೀಟಿ ತೆಗೆದು ನೋಡಿ, ಮೊದಲು ಅದನ್ನು ಸರಿಪಡಿಸಿಕೊಳ್ಳಿ.

ಇನ್ನು ದುಬೈ. ಯಾವ ಸರ್ಕಾರವೂ ಖರ್ಚಿಗೆ ಹಣ ಎಲ್ಲಿಂದಾದರೂ ಎತ್ತಲೇಬೇಕು. 2018ರಿಂದ ಅಲ್ಲಿ ಕೊಳ್ಳುವ ಬಹುತೇಕ ಎಲ್ಲದಕ್ಕೂ ಶೇ 5 ವ್ಯಾಟ್ ಇದೆ. ಬಾಡಿಗೆ ಮನೆಯಲ್ಲಿದ್ದರೆ ವರ್ಷದ ಬಾಡಿಗೆಯ ಶೇ 5ರಷ್ಟು ಶುಲ್ಕ ತಿಂಗಳು ತಿಂಗಳೂ ಕರೆಂಟು-ನೀರಿನ ಬಿಲ್ಲಿನಲ್ಲೇ ಸೇರಿ ಬರುತ್ತದೆ. ವಲಸೆ ಬಂದವರ ಮಕ್ಕಳು ಹೆಚ್ಚಾಗಿ ಓದುವುದು ಖಾಸಗಿ ಶಾಲೆಗಳಲ್ಲಿ. ಇಬ್ಬರು ಮಕ್ಕಳ ಫೀಸು, ಶಾಲಾ ಬಸ್ಸು, ಮನೆ ಬಾಡಿಗೆ ಕಳೆದರೆ 12,000 ದಿರ್ಹಂನಲ್ಲಿ ಉಳಿಯುವುದೆಷ್ಟು? ಅದರಿಂದ ನಿಮ್ಮ ಸಂಬಳವನ್ನೂ ಕಳೆಯಿರಿ, ಏಕೆಂದರೆ ನೀವು ಬಿಡುತ್ತಿರುವುದು ಅದನ್ನೇ. ಅವರಿಗೆ ಅಲ್ಲಿ ಪಿಂಚಣಿಯಿಲ್ಲ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೊದಲ ಐದು ವರ್ಷ, ವರ್ಷಕ್ಕೆ 21 ದಿನಗಳ ಮೂಲ ವೇತನದಷ್ಟು. ವೀಸಾ ನಿಂತಿರುವುದೂ ಆ ಕೆಲಸದ ಮೇಲೆಯೇ.

ಹೊರಡುವ ದಿನವೂ ಮುಖ್ಯ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ 182 ದಿನ ಭಾರತದಲ್ಲಿದ್ದವರು ಇಲ್ಲಿನ ನಿವಾಸಿ. ಸೆಪ್ಟೆಂಬರ್ 28ರೊಳಗೆ ವಿಮಾನ ಹತ್ತಿ, ಮಾರ್ಚ್‌ವರೆಗೆ ಊರಿಗೆ ಬರದಿದ್ದರೆ ಆ ವರ್ಷದ ದುಬೈ ಸಂಬಳಕ್ಕೆ ಇಲ್ಲಿ ತೆರಿಗೆಯಿಲ್ಲ. ಅಕ್ಟೋಬರ್‌ನಲ್ಲಿ ಹೋದರೆ ಅದನ್ನೂ ಇಲ್ಲಿನ ಆದಾಯಕ್ಕೆ ಸೇರಿಸಬೇಕು. ಹೋದ ಮೇಲೆ ಬ್ಯಾಂಕಿಗೆ ತಿಳಿಸಿ ಉಳಿತಾಯ ಖಾತೆಯನ್ನು ಎನ್‌ಆರ್‌ಓ ಖಾತೆಯಾಗಿ ಬದಲಿಸಿಕೊಳ್ಳಬೇಕು.

ದುಬೈ ಬೇಡವೆನ್ನುವುದಿಲ್ಲ. ಕರಾವಳಿಯ ಎಷ್ಟೋ ಮನೆಗಳು ಗಲ್ಫಿನ ದುಡಿಮೆಯಿಂದ ಎದ್ದಿವೆ. ಕೆಲಸದಲ್ಲಿ ಮೇಲೇರುವ ಅವಕಾಶವಿದ್ದರೆ ಅವರು ಖಂಡಿತ ಹೋಗಲಿ. ಆದರೆ ಮೊದಲ ವರ್ಷ ಅವರೊಬ್ಬರೇ ಹೋಗಿ ಖರ್ಚು-ಉಳಿತಾಯದ ನಿಜವಾದ ಲೆಕ್ಕ ತಂದು ತೋರಿಸಲಿ. ಅತ್ತೆಯವರನ್ನೂ ಕೂರಿಸಿಕೊಂಡು ಮಾತಾಡಿ, ಅವರ ಮನಸ್ಸಿನಲ್ಲೇನಿದೆ ಎಂದು ಕೇಳಿ. ಅನುದಾನಿತ ಶಾಲೆಯ ಹುದ್ದೆ ಒಮ್ಮೆ ಬಿಟ್ಟರೆ ಮತ್ತೆ ಸಿಗುವುದು ಕಷ್ಟ. ಆ ಲೆಕ್ಕ ಕೈಗೆ ಬರುವವರೆಗೆ ದಯವಿಟ್ಟು ರಾಜೀನಾಮೆ ಕೊಡಬೇಡಿ.